ಗಾಲ್‌ಬ್ಲಾಡರ್ ತೆಗೆಸಿದ್ಮೇಲೂ ಹೊಟ್ಟೆ ಸರಿಹೋಗ್ತಿಲ್ವಾ? ಒಂದೊಂದೇ ಹೆಜ್ಜೆಯಾಗಿ ಏನೇನು ಮಾಡ್ಬೇಕು

ಕಲ್ಲಿದೆ ಅಂತ ಪಿತ್ತಕೋಶ ತೆಗೆಸಿದ್ರಿ, ಗಾಯ ಒಣಗ್ತು, ಎಲ್ಲರೂ "ಇನ್ನೇನು, ಮುಗೀತಲ್ಲ" ಅಂತಾರೆ, ಆದ್ರೆ ನಿಮಗೆ ಮಾತ್ರ ಊಟ ಮಾಡಿ ಕೈ ತೊಳೆಯೋ ಅಷ್ಟರಲ್ಲಿ ಟಾಯ್ಲೆಟ್‌ಗೆ ಓಡ್ಬೇಕು, ಇಲ್ಲಾಂದ್ರೆ ಹೊಟ್ಟೆ ಉಬ್ಬರ, ಇಲ್ಲಾಂದ್ರೆ ಬಲಗಡೆ ಪಕ್ಕೆಲುಬಿನ ಕೆಳಗೆ ಅದೇ ಹಳೇ ನೋವು. ಕೇಳಿದ್ರೆ "ಬಾಡಿ ಅಡ್ಜಸ್ಟ್ ಆಗುತ್ತೆ, ಸ್ವಲ್ಪ ಟೈಮ್ ಕೊಡಿ" ಅನ್ನೋ ಉತ್ತರ. ಮೊದಲ ಕೆಲವು ವಾರಕ್ಕೆ ಆ ಉತ್ತರ ಸರಿನೇ. ತಿಂಗಳುಗಟ್ಟಲೆ ಆದ್ಮೇಲೂ ಅದನ್ನೇ ನಂಬ್ಕೊಂಡು ಸಹಿಸ್ಕೊಂಡು ಕೂರೋದು ಮಾತ್ರ ಬೇಡ, ಯಾಕಂದ್ರೆ ಈ ತೊಂದರೆಗಳಲ್ಲಿ ಬಹಳಷ್ಟಕ್ಕೆ ಕಾರಣ ಹುಡುಕ್ಬೋದು, ಔಷಧಿನೂ ಇದೆ. ಸಿಗದೇ ಇರೋದು ಯಾಕಂದ್ರೆ ನಾವು ಸರಿಯಾಗಿ ಹೇಳಲ್ಲ, ಎದುರಿಗಿರೋರು ಸರಿಯಾಗಿ ಕೇಳಲ್ಲ, ಅದರಲ್ಲೂ ಮೋಷನ್ ವಿಷಯ ಬಾಯಿಬಿಟ್ಟು ಹೇಳೋಕೆ ಎಲ್ಲರಿಗೂ ಮುಜುಗರ.

ಇದಕ್ಕೆ ಪೋಸ್ಟ್ ಕೋಲಿಸಿಸ್ಟೆಕ್ಟಮಿ ಸಿಂಡ್ರೋಮ್ ಅಂತ ಒಂದು ದೊಡ್ಡ ಹೆಸರಿದೆ. ಫೈಲಲ್ಲಿ ಆ ಹೆಸರು ಬರೆದ ಮಾತ್ರಕ್ಕೆ ಕಾಯಿಲೆ ಏನು ಅಂತ ಗೊತ್ತಾಯ್ತು ಅಂದ್ಕೋಬೇಡಿ, ಅದೊಂದು ಚೀಲ ಅಷ್ಟೆ, ಒಳಗಡೆ ಹತ್ತಾರು ಬೇರೆ ಬೇರೆ ಕಾರಣ ಇರ್ತವೆ. ಆಪರೇಷನ್ ಆದವರಲ್ಲಿ 5ರಿಂದ 40 ಪರ್ಸೆಂಟ್ ಜನಕ್ಕೆ ಏನಾದ್ರೂ ಒಂದು ತೊಂದರೆ ಉಳಿಯುತ್ತೆ ಅಂತ ಬೇರೆ ಬೇರೆ ಅಧ್ಯಯನಗಳು ಹೇಳ್ತವೆ, ಇಷ್ಟೊಂದು ಅಂತರ ಇರೋದೇ ಯಾವುದನ್ನ ತೊಂದರೆ ಅಂತ ಲೆಕ್ಕಕ್ಕೆ ತಗೊಳ್ತಾರೆ ಅನ್ನೋದ್ರ ಮೇಲೆ. ನೀವೊಬ್ಬರೇ ಅಲ್ಲ ಅನ್ನೋದಂತೂ ಖಚಿತ.

ಒಳಗೆ ಏನು ಬದಲಾಗಿದೆ

ಜಿಡ್ಡು ಜೀರ್ಣ ಆಗೋಕೆ ಬೇಕಾದ ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ, ದಿನಕ್ಕೆ ಸುಮಾರು ಅರ್ಧದಿಂದ ಒಂದು ಲೀಟರ್. ಗಾಲ್‌ಬ್ಲಾಡರ್ ಅದನ್ನ ಕೂಡಿಟ್ಟು, ನೀರಿನಂಶ ಹೀರಿ ಗಟ್ಟಿ ಮಾಡಿ ಇಟ್ಕೊಂಡಿರ್ತಿತ್ತು, ಅದರಲ್ಲಿ ಹಿಡಿಯೋದು 30ರಿಂದ 50 ಎಂಎಲ್ ಅಷ್ಟೆ. ಜಿಡ್ಡಿನ ಊಟ ಸಣ್ಣ ಕರುಳಿಗೆ ಇಳಿದ ಕೂಡ್ಲೆ ಒಂದು ಹಾರ್ಮೋನ್ ಬಿಡುಗಡೆಯಾಗಿ ಗಾಲ್‌ಬ್ಲಾಡರ್ ಹಿಂಡ್ಕೊಂಡು ಪಿತ್ತ ಸುರೀತಿತ್ತು. ಈಗ ಓವರ್‌ಹೆಡ್ ಟ್ಯಾಂಕ್ ಕಿತ್ತು ಪೈಪನ್ನ ನೇರವಾಗಿ ನಲ್ಲಿಗೆ ಕೊಟ್ಟ ಹಾಗಾಗಿದೆ, ಊಟ ಇರಲಿ ಬಿಡಲಿ ಪಿತ್ತ ತೊಟ್ಟಿಕ್ತಾನೇ ಇರುತ್ತೆ. ಅದಕ್ಕೇ ಸಾಧಾರಣ ಊಟ ಜೀರ್ಣ ಆಗುತ್ತೆ, ಒಂದೇ ಸಲ ಜಾಸ್ತಿ ಜಿಡ್ಡು ಬಿದ್ರೆ ಒದ್ದಾಟ ಶುರು. ಅಂದಹಾಗೆ ಕುದುರೆಗೆ ಹುಟ್ಟಿನಿಂದಲೇ ಗಾಲ್‌ಬ್ಲಾಡರ್ ಇಲ್ಲ, ಅದು ಹೊತ್ತಿಡೀ ಸ್ವಲ್ಪ ಸ್ವಲ್ಪ ಮೇಯ್ತಾ ಇರುತ್ತೆ. ನಾವು ಆ ಮಟ್ಟಿಗೆ ಹೋಗ್ಬೇಕಿಲ್ಲ, ಆದ್ರೆ ಸ್ವಲ್ಪ ಸ್ವಲ್ಪ ತಿನ್ನೋದು ಯಾಕೆ ಹಿತವಾಗಿರುತ್ತೆ ಅನ್ನೋದು ಅದರಿಂದ ಅರ್ಥ ಆಗುತ್ತೆ.

ಹೆಜ್ಜೆ 1: ಕಾಯಬಾರದ ಲಕ್ಷಣ ಇದ್ಯಾ ನೋಡಿ

ಮುಂದಿನದನ್ನ ಓದೋ ಮೊದಲು ಇದು. ಕಣ್ಣು ಅಥವಾ ಚರ್ಮ ಹಳದಿ ಆಗೋದು, ಮೂತ್ರ ಕಡು ಕಂದು ಬಣ್ಣ ಆಗಿ ಮಲ ಸುಣ್ಣದ ಹಾಗೆ ಬಿಳಿಚೋದು, ಚಳಿ ನಡುಕದ ಜೊತೆ ಜ್ವರ, ಬೆನ್ನಿಗೆ ಹೊಡೆಯೋ ಹಾಗೆ ಮೇಲ್ಹೊಟ್ಟೇಲಿ ತಡೆಯಲಾಗದ ನೋವು, ನಿಲ್ಲದ ವಾಂತಿ. ಇವುಗಳಲ್ಲಿ ಯಾವುದಿದ್ರೂ ಅವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ಬೇಡಿ. ನೋವು, ಜ್ವರ, ಕಾಮಾಲೆ ಮೂರೂ ಒಟ್ಟಿಗೆ ಬಂದ್ರೆ ಪಿತ್ತನಾಳದಲ್ಲಿ ಸೋಂಕಾಗಿರಬಹುದು, ಅದು ಗಂಟೆಗಳ ಲೆಕ್ಕದಲ್ಲಿ ಕೆಡುತ್ತೆ.

ಅಷ್ಟು ತುರ್ತಲ್ಲ ಆದ್ರೂ ಬೇಗ ತೋರಿಸ್ಬೇಕಾದ್ದು: ಮಲದಲ್ಲಿ ರಕ್ತ, ಪ್ರಯತ್ನ ಪಡದೇ ತೂಕ ಇಳಿಯೋದು, ನಿದ್ದೆಯಿಂದ ಎಬ್ಬಿಸೋ ಭೇದಿ, ರಕ್ತಹೀನತೆ, ನುಂಗೋಕೆ ಕಷ್ಟ. ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಿದ್ರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವ ಇರ್ಬೋದು, ಅದಕ್ಕೂ ಅವತ್ತೇ ಹೋಗಿ.

ಹೆಜ್ಜೆ 2: ಆಪರೇಷನ್ ಆಗಿ ಎಷ್ಟು ದಿನ ಆಯ್ತು ಅಂತ ಲೆಕ್ಕ ಹಾಕಿ

ಮೊದಲ ಎರಡ್ಮೂರು ದಿನ ಭುಜ ನೋಯೋದು ಲ್ಯಾಪರೋಸ್ಕೋಪಿಲಿ (ಸಣ್ಣ ತೂತಿನ ಆಪರೇಷನ್) ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್‌ನಿಂದ, ಅದು ತಾನೇ ಹೋಗುತ್ತೆ. ಮೊದಲ ವಾರ ಮಲಬದ್ಧತೆ ಆದ್ರೆ ಬಹುಪಾಲು ನೋವಿನ ಮಾತ್ರೆ ಕಾರಣ. ಮೊದಲ ಕೆಲವು ವಾರ ಲೂಸ್ ಮೋಷನ್, ಗ್ಯಾಸ್, ಅರ್ಧ ಊಟಕ್ಕೇ ಹೊಟ್ಟೆ ತುಂಬಿದ ಹಾಗೆ ಅನ್ಸೋದು, ಇವೆಲ್ಲ ತುಂಬಾ ಜನಕ್ಕೆ ಆಗುತ್ತೆ, ನಿಧಾನಕ್ಕೆ ಕಡಿಮೆ ಆಗ್ತಾ ಹೋಗುತ್ತೆ. ನೋಡ್ಬೇಕಾದ್ದು ಆ ಇಳಿಮುಖವನ್ನೇ. ಮೂರನೇ ವಾರಕ್ಕಿಂತ ಆರನೇ ವಾರ ವಾಸಿ ಅನ್ಸಿದ್ರೆ ಕಾಯಿರಿ. ಮೂರು ತಿಂಗಳಾದ್ರೂ ಇದ್ದಲ್ಲೇ ಇದ್ರೆ, ಅಥವಾ ಚೆನ್ನಾಗಿದ್ದು ಮತ್ತೆ ಶುರುವಾದ್ರೆ, ಅದು ಅಡ್ಜಸ್ಟ್ ಆಗೋ ವಿಷಯ ಅಲ್ಲ, ಹುಡುಕ್ಬೇಕಾದ ವಿಷಯ.

ಇನ್ನೊಂದು ಪ್ರಶ್ನೆ ನಿಮಗೆ ನೀವೇ ಕೇಳ್ಕೊಳ್ಳಿ. ಈಗಿರೋ ತೊಂದರೆ ಆಪರೇಷನ್‌ಗೆ ಮೊದ್ಲೂ ಇತ್ತಾ? ಇದ್ರೆ ಅದು ಕಲ್ಲಿನಿಂದ ಬಂದದ್ದೇ ಅಲ್ಲದೇ ಇರ್ಬೋದು. ಕಲ್ಲು ಎಷ್ಟೋ ಜನರಲ್ಲಿ ಯಾವ ಲಕ್ಷಣನೂ ಕೊಡದೇ ಸುಮ್ನೆ ಇರುತ್ತೆ, ಸ್ಕ್ಯಾನ್‌ನಲ್ಲಿ ಸಿಕ್ತು ಅಂತ ಉಬ್ಬರ, ಎದೆಯುರಿ ಎಲ್ಲದರ ತಪ್ಪನ್ನೂ ಅದರ ತಲೆಗೆ ಕಟ್ಟಿ ತೆಗೆದಿರ್ತಾರೆ. ಆಸಿಡ್ ರಿಫ್ಲಕ್ಸ್, ಅಲ್ಸರ್, ಐಬಿಎಸ್ (ಕರುಳಲ್ಲಿ ಗಾಯ ಇಲ್ಲದಿದ್ರೂ ನೋವು, ಭೇದಿ ಇಲ್ಲಾ ಮಲಬದ್ಧತೆ ಕೊಡೋ ತೊಂದರೆ) ಇವೆಲ್ಲ ಗಾಲ್‌ಬ್ಲಾಡರ್ ಜೊತೆ ಹೊರಗೆ ಹೋಗಲ್ಲ.

ಹೆಜ್ಜೆ 3: ಎರಡು ವಾರ ಬರೆದಿಡಿ

ಬೇಜಾರಿನ ಕೆಲಸ ಅನ್ಸುತ್ತೆ, ಆದ್ರೆ ಡಾಕ್ಟರ್ ಮುಂದೆ ಐದೇ ನಿಮಿಷ ಸಿಗೋದು, ಆ ಐದು ನಿಮಿಷದಲ್ಲಿ "ಹೊಟ್ಟೆ ಸರಿ ಇಲ್ಲ ಸಾರ್" ಅನ್ನೋದಕ್ಕೂ ಒಂದು ಹಾಳೆ ಮುಂದಿಡೋದಕ್ಕೂ ಬಹಳ ವ್ಯತ್ಯಾಸ. ಫೋನಲ್ಲೇ ಬರ್ಕೊಳ್ಳಿ, ಚಿಕ್ಕದಾಗಿ, ಈ ಥರ:

"ಬೆಳಿಗ್ಗೆ 8 – ಕಾಫಿ, ಬ್ರೆಡ್, ಬೆಣ್ಣೆ. 8:25 – ಅವಸರ, ಟೈಪ್ 6, ಹಳದಿ, ಉರಿ. 9:10 – ಮತ್ತೆ, ಟೈಪ್ 7. ಮಧ್ಯಾಹ್ನ 1 – ಅನ್ನ, ಬೇಯಿಸಿದ ತರಕಾರಿ, ಮೊಸರು. ಏನೂ ಆಗ್ಲಿಲ್ಲ. ರಾತ್ರಿ 9 – ಕರಿದದ್ದು. 10 – ಉಬ್ಬರ, ನೋವಿಲ್ಲ."

ಟೈಪ್ ಅಂದ್ರೆ ಬ್ರಿಸ್ಟಲ್ ಸ್ಟೂಲ್ ಚಾರ್ಟ್, 1 ಅಂದ್ರೆ ಗಟ್ಟಿ ಉಂಡೆ ಉಂಡೆ, 4 ನಯವಾಗಿ ಸರಿಯಾಗಿರೋದು, 7 ಪೂರಾ ನೀರು. ನಂಬರ್ ಹೇಳಿದ್ರೆ ವರ್ಣನೆ ಮಾಡೋ ಮುಜುಗರನೇ ಇರಲ್ಲ. ನೋವಿದ್ರೆ ಎಲ್ಲಿ, ಎಷ್ಟು ಹೊತ್ತು, ಊಟಕ್ಕೆ ಎಷ್ಟು ಹೊತ್ತಾದ್ಮೇಲೆ ಅಂತ ಬರೀರಿ. ತಗೊಳ್ತಿರೋ ಎಲ್ಲಾ ಮಾತ್ರೆನೂ ಬರೀರಿ, ಯಾಕಂದ್ರೆ ಶುಗರ್ ಕಾಯಿಲೆಯ ಮೆಟ್‌ಫಾರ್ಮಿನ್, ಮೆಗ್ನೀಸಿಯಂ ಇರೋ ಆಂಟಾಸಿಡ್, ಕೆಲವು ಆಂಟಿಬಯಾಟಿಕ್ ಇವೇ ಭೇದಿ ಮಾಡಿಸ್ತವೆ. ಶುಗರ್‌ಫ್ರೀ ಚೂಯಿಂಗ್ ಗಮ್‌ನಲ್ಲಿರೋ ಸಾರ್ಬಿಟಾಲ್ ಕೂಡ, ಇದನ್ನ ಯಾರೂ ಅನುಮಾನಿಸಲ್ಲ.

ಹೆಜ್ಜೆ 4: ನಿಮ್ಮದು ಯಾವ ಥರದ್ದು ಅಂತ ಗುರುತಿಸಿ

*ತಿಂದ ಕೂಡ್ಲೆ ಓಡಿಸೋ ಭೇದಿ.* ಇದನ್ನೇ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಇದಕ್ಕೆ ಒಳ್ಳೇ ಔಷಧಿ ಇದ್ದೂ ವರ್ಷಗಟ್ಟಲೆ ಅನುಭವಿಸೋರು ಬಹಳ. ಪಿತ್ತರಸದ ಜೊತೆ ಸುರಿದ ಪಿತ್ತಾಮ್ಲದಲ್ಲಿ (ಬೈಲ್ ಆಸಿಡ್) ಸುಮಾರು 95 ಪರ್ಸೆಂಟ್ ಸಣ್ಣ ಕರುಳಿನ ಕೊನೇ ಭಾಗದಲ್ಲಿ ಹೀರಿಕೊಂಡು ಲಿವರ್‌ಗೆ ವಾಪಸ್ ಹೋಗುತ್ತೆ. ಹೀರೋಕಾಗದೇ ಉಳಿದದ್ದು ದೊಡ್ಡ ಕರುಳಿಗೆ ಜಾಸ್ತಿ ಇಳಿದ್ರೆ ಅಲ್ಲಿ ನೀರು ಎಳ್ಕೊಳ್ಳುತ್ತೆ, ಕರುಳನ್ನ ಜೋರಾಗಿ ಓಡಿಸುತ್ತೆ. ಇದೇ ಬೈಲ್ ಆಸಿಡ್ ಡಯೇರಿಯಾ. ಗುರುತು ಹೀಗಿರುತ್ತೆ: ಬೆಳಗಿನ ತಿಂಡಿ ಆದ್ಮೇಲೆ ಜೋರು, ತಡ್ಕೊಳ್ಳೋಕಾಗದ ಅವಸರ, ನೀರು ನೀರಾಗಿ ಹಳದಿ ಅಥವಾ ಹಸಿರು ಬಣ್ಣ, ಗುದದ್ವಾರದ ಹತ್ರ ಸುಟ್ಟ ಹಾಗೆ ಉರಿ, ಕೆಲವೊಮ್ಮೆ ಬಟ್ಟೆಲೇ ಆಗಿಬಿಡೋದು. ಮನೆಯಿಂದ ಹೊರಗೆ ಹೋಗೋ ಮುಂಚೆ ದಾರಿಲಿ ಟಾಯ್ಲೆಟ್ ಎಲ್ಲಿದೆ ಅಂತ ಲೆಕ್ಕ ಹಾಕ್ತಿದ್ದೀರ ಅಂದ್ರೆ, ತಿನ್ನದೇ ಇದ್ರೆ ಸೇಫ್ ಅಂತ ಉಪವಾಸ ಇದ್ದು ಆಫೀಸಿಗೆ ಹೋಗ್ತಿದ್ದೀರ ಅಂದ್ರೆ, ದಯವಿಟ್ಟು ಇದನ್ನ ಡಾಕ್ಟರ್ ಹತ್ರ ಈ ಹೆಸರು ಹೇಳಿಯೇ ಕೇಳಿ.

ಟೆಸ್ಟ್ ಇದೆ, ಸೀಹ್‌ಕ್ಯಾಟ್ ಸ್ಕ್ಯಾನ್ ಕೆಲವು ದೇಶಗಳಲ್ಲಿ ಸಿಗುತ್ತೆ, ಸಿ4 ಅನ್ನೋ ರಕ್ತಪರೀಕ್ಷೆ ಕೆಲವು ಕಡೆ. ಎರಡೂ ಸಿಗದ ಕಡೆ ಡಾಕ್ಟರ್‌ಗಳು ಔಷಧಿ ಕೊಟ್ಟೇ ನೋಡ್ತಾರೆ, ಗುಣ ಕಂಡ್ರೆ ಅದೇ ಅಂತ ತಿಳ್ಕೊಳ್ತಾರೆ. ಔಷಧಿ ಹೆಸರು ಕೋಲೆಸ್ಟೈರಮಿನ್, ಪುಡಿ ರೂಪದಲ್ಲಿ ಬರುತ್ತೆ, ಪಿತ್ತಾಮ್ಲವನ್ನ ಕರುಳಲ್ಲೇ ಹಿಡಿದು ಕಟ್ಟಿಹಾಕುತ್ತೆ. ಸಾಮಾನ್ಯವಾಗಿ 4 ಗ್ರಾಂ ಪೊಟ್ಟಣ ಒಂದರಿಂದಲೋ ಅದಕ್ಕಿಂತ ಕಡಿಮೆಯಿಂದಲೋ ಶುರು ಮಾಡಿಸಿ ಆಮೇಲೆ ಹೊಂದಿಸ್ತಾರೆ. ಒಣ ಪುಡಿ ಬಾಯಿಗೆ ಹಾಕ್ಕೋಬಾರದು, ಗಂಟಲಲ್ಲಿ ಸಿಕ್ಕೊಳ್ಳುತ್ತೆ. ಅರ್ಧ ಲೋಟ ನೀರಿಗೋ ಜ್ಯೂಸಿಗೋ ಪುಡಿ ಉದುರಿಸಿ, ಒಂದೆರಡು ನಿಮಿಷ ನೆನೆಯೋಕೆ ಬಿಟ್ಟು ಕಲಕಿ ಕುಡೀರಿ, ಲೋಟದ ತಳದಲ್ಲಿ ಮರಳಿನ ಥರ ಉಳಿದಿರುತ್ತೆ, ಅದಕ್ಕೆ ಇನ್ನಷ್ಟು ನೀರು ಹಾಕಿ ಅದನ್ನೂ ಕುಡೀರಿ. ರುಚಿ ಚೆನ್ನಾಗಿರಲ್ಲ, ತಣ್ಣಗಿದ್ರೆ ಸ್ವಲ್ಪ ವಾಸಿ. ಪುಡಿ ಸೇರದೇ ಇದ್ರೆ ಕೋಲೆಸೆವೆಲಾಮ್ ಅಂತ ಮಾತ್ರೆ ಇದೆ, ಅದರ ಬಗ್ಗೆ ಕೇಳಿ.

ಇಲ್ಲಿ ಒಂದು ಮಾತು ಮರೀಬೇಡಿ. ಈ ಪುಡಿ ಪಿತ್ತಾಮ್ಲವನ್ನ ಮಾತ್ರ ಅಲ್ಲ, ಬೇರೆ ಮಾತ್ರೆಗಳನ್ನೂ ಹಿಡ್ಕೊಂಡುಬಿಡುತ್ತೆ. ಥೈರಾಯ್ಡ್ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಹೃದಯದ ಕೆಲವು ಮಾತ್ರೆ ತಗೊಳ್ಳೋರು ಅದನ್ನ ಪುಡಿಗಿಂತ ಕನಿಷ್ಠ ಒಂದು ಗಂಟೆ ಮೊದಲು ಇಲ್ಲಾ ನಾಲ್ಕರಿಂದ ಆರು ಗಂಟೆ ಆದ್ಮೇಲೆ ತಗೋಬೇಕು. ಡೋಸ್ ಜಾಸ್ತಿಯಾದ್ರೆ ಉಲ್ಟಾ ಮಲಬದ್ಧತೆ, ಉಬ್ಬರ ಶುರುವಾಗುತ್ತೆ, ಆಗ "ಈ ಔಷಧಿ ನಂಗಾಗಲ್ಲ" ಅಂತ ಬಿಟ್ಟುಬಿಡೋ ಬದಲು ಡೋಸ್ ಕಡಿಮೆ ಮಾಡೋದರ ಬಗ್ಗೆ ಕೇಳಿ.

ಭೇದಿ ತಡೆಯೋ ಲೋಪೆರಮೈಡ್ ಮಾತ್ರೆ ಪ್ರಯಾಣದ ದಿನಕ್ಕೆ, ಮದುವೆ ಮೀಟಿಂಗ್ ಇಂಥದ್ದಕ್ಕೆ ಆಸರೆ ಆಗುತ್ತೆ, ಆದ್ರೆ ಜ್ವರ ಅಥವಾ ಮಲದಲ್ಲಿ ರಕ್ತ ಇದ್ದಾಗ ಬೇಡ, ಪ್ಯಾಕಿನ ಮೇಲೆ ಬರೆದಿರೋ ಪ್ರಮಾಣ ಮೀರಬೇಡಿ, ಮೀರಿದ್ರೆ ಹೃದಯದ ಬಡಿತಕ್ಕೆ ಅಪಾಯ. ಎಲುಕ್ಸಾಡೋಲಿನ್ ಅನ್ನೋ ಐಬಿಎಸ್ ಔಷಧಿ ಗಾಲ್‌ಬ್ಲಾಡರ್ ಇಲ್ಲದವರು ತಗೊಳ್ಳಲೇಬಾರದು, ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗೋ ಅಪಾಯ ಇದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಉರಿಗೆ: ಉಜ್ಜಿ ಒರೆಸ್ಬೇಡಿ, ನೀರಲ್ಲಿ ತೊಳೆದು ಮೆತ್ತಗೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಕ್ರೀಮ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಮಲ ಜಿಡ್ಡು ಜಿಡ್ಡಾಗಿ, ತೇಲ್ತಾ, ಎಷ್ಟು ಫ್ಲಶ್ ಮಾಡಿದ್ರೂ ಅಂಟ್ಕೊಂಡು, ವಿಪರೀತ ವಾಸನೆ ಇದ್ರೆ ಅದು ಬೇರೆ ಕಥೆ, ಕೊಬ್ಬು ಜೀರ್ಣ ಆಗ್ತಿಲ್ಲ ಅಂತ. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಪರೀಕ್ಷೆ ಮಾಡಿಸ್ಬೇಕು, ಮಲದ ಇಲಾಸ್ಟೇಸ್ ಟೆಸ್ಟ್ ಅಂತ ಇದೆ.

*ಹಳೇ ಥರದ ನೋವು.* ಮೇಲ್ಹೊಟ್ಟೇಲಿ ಅಥವಾ ಬಲಗಡೆ, ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬಿಡದೇ ಇರೋ ನೋವು ಬಂದು ಬಂದು ಹೋಗ್ತಿದ್ರೆ ಮೊದಲು ಅನುಮಾನ ಪಡ್ಬೇಕಾದ್ದು ಪಿತ್ತನಾಳದಲ್ಲಿ ಉಳಿದುಹೋದ ಅಥವಾ ಹೊಸದಾಗಿ ಆದ ಕಲ್ಲು. ಹೌದು, ಗಾಲ್‌ಬ್ಲಾಡರ್ ಇಲ್ಲದಿದ್ರೂ ನಾಳದಲ್ಲಿ ಕಲ್ಲಾಗಬಹುದು. ನೋವು ಬಂದಾಗಲೇ ಹೋಗಿ ಎಲ್‌ಎಫ್‌ಟಿ (ಲಿವರ್‌ದು) ಮತ್ತು ಲೈಪೇಸ್ (ಪ್ಯಾಂಕ್ರಿಯಾಸ್‌ದು) ರಕ್ತಪರೀಕ್ಷೆ ಮಾಡಿಸಿ. ನೋವು ಹೋದ ನಾಲ್ಕೈದು ದಿನದ ಮೇಲೆ ಮಾಡಿಸಿದ್ರೆ ರಿಪೋರ್ಟ್ ನಾರ್ಮಲ್ ಬಂದುಬಿಡಬಹುದು, ಆಮೇಲೆ "ಏನೂ ಇಲ್ಲ, ಟೆನ್ಷನ್" ಅನ್ನೋ ಮಾತು ಕೇಳ್ಬೇಕಾಗುತ್ತೆ. ಅಲ್ಟ್ರಾಸೌಂಡ್‌ನಲ್ಲಿ ನಾಳದ ಕೆಳಭಾಗದ ಕಲ್ಲು ತಪ್ಪಿಹೋಗೋದುಂಟು, ಅನುಮಾನ ಬಲವಾಗಿದ್ರೆ ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಂದ ಕೊಳವೆ ಇಳಿಸಿ ಮಾಡೋ ಸ್ಕ್ಯಾನ್) ಕೇಳಿ. ರಿಪೋರ್ಟಲ್ಲಿ "ಸಿಬಿಡಿ ಡೈಲೇಟೆಡ್" (ಮುಖ್ಯ ಪಿತ್ತನಾಳ ಅಗಲ ಆಗಿದೆ) ಅಂತ ನೋಡಿ ಗಾಬರಿ ಬೀಳೋರಿಗೆ ಒಂದು ಸಮಾಧಾನ: ಪಿತ್ತಕೋಶ ತೆಗೆದವರಲ್ಲಿ ನಾಳ ಸ್ವಲ್ಪ ಅಗಲ ಆಗೋದು ಸಹಜ, 10 ಎಂಎಂ ವರೆಗೂ ಇರಬಹುದು, ರಕ್ತಪರೀಕ್ಷೆ ಸರಿಯಾಗಿದ್ದು ನೋವಿಲ್ಲ ಅಂದ್ರೆ ಆ ಒಂದು ಸಾಲಿಗೆ ಹೆದರ್ಬೇಕಿಲ್ಲ.

ಕಲ್ಲಿಲ್ಲ, ಆದ್ರೂ ನೋವು ಅಂದ್ರೆ ಪಿತ್ತನಾಳದ ಬಾಯಲ್ಲಿರೋ ಸ್ನಾಯು ಬಿಗಿಹಿಡಿಯೋದು ಇರಬಹುದು, ಸ್ಫಿಂಕ್ಟರ್ ಆಫ್ ಆಡಿ ಅಂತಾರೆ ಅದನ್ನ. ಕೊಡೈನ್, ಮಾರ್ಫಿನ್ ಥರದ ನೋವಿನ ಔಷಧಿ ಇದನ್ನ ಕೆರಳಿಸುತ್ತೆ, ಕೆಮ್ಮಿನ ಸಿರಪ್‌ನಲ್ಲಿ ಕೊಡೈನ್ ಇದ್ಯಾ ನೋಡ್ಕೊಳ್ಳಿ. ಈ ಸ್ನಾಯುವನ್ನ ಇಆರ್‌ಸಿಪಿ (ಬಾಯಿಂದ ಕೊಳವೆ ಇಳಿಸಿ ಪಿತ್ತನಾಳ ತಲುಪೋ ಚಿಕಿತ್ಸೆ) ಮಾಡಿ ಕತ್ತರಿಸೋಣ ಅಂತ ಯಾರಾದ್ರೂ ಹೇಳಿದ್ರೆ, ರಕ್ತಪರೀಕ್ಷೆ ಮತ್ತೆ ನಾಳದ ಅಗಲ ಎರಡೂ ಸರಿಯಾಗೇ ಇದ್ರೆ, ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. 2014ರಲ್ಲಿ ಪ್ರಕಟವಾದ ಎಪಿಸಾಡ್ ಅನ್ನೋ ಟ್ರಯಲ್‌ನಲ್ಲಿ ಇಂಥ 214 ಜನರನ್ನ ನೋಡಿದಾಗ ಸ್ನಾಯು ಕತ್ತರಿಸಿದವರಿಗೆ ಸುಮ್ನೆ ನಟನೆಯ ಚಿಕಿತ್ಸೆ ಆದವರಿಗಿಂತ ಏನೂ ಹೆಚ್ಚು ಉಪಯೋಗ ಆಗ್ಲಿಲ್ಲ, ಇಆರ್‌ಸಿಪಿಯಿಂದ ಪ್ಯಾಂಕ್ರಿಯಾಟೈಟಿಸ್ ಬರೋ ಅಪಾಯ ಬೇರೆ.

ಇನ್ನು ಬೆರಳಿಟ್ಟು ತೋರಿಸೋ ಹಾಗಿರೋ ನೋವು. ಅಂಗಾತ ಮಲಗಿ, ನೋಯೋ ಜಾಗದ ಮೇಲೆ ಒಂದು ಬೆರಳು ಒತ್ತಿ ಹಿಡ್ಕೊಳ್ಳಿ, ಹಾಗೇ ತಲೆ ಮತ್ತು ಭುಜ ಸ್ವಲ್ಪ ಮೇಲೆತ್ತಿ. ಹೊಟ್ಟೆ ಸ್ನಾಯು ಬಿಗಿಯಾದಾಗ ನೋವು ಜಾಸ್ತಿ ಆದ್ರೆ ಅದು ಒಳಗಿನ ಅಂಗದ್ದಲ್ಲ, ಹೊಟ್ಟೆಯ ಗೋಡೆಯದ್ದೇ ಇರೋ ಸಾಧ್ಯತೆ ಹೆಚ್ಚು, ಹೊಲಿಗೆ ಜಾಗದಲ್ಲಿ ನರ ಸಿಕ್ಕಿಹಾಕ್ಕೊಂಡಿರಬಹುದು, ಸಣ್ಣ ಹರ್ನಿಯಾ ಇರಬಹುದು. ಕಾರ್ನೆಟ್ ಟೆಸ್ಟ್ ಅಂತ ಇದರ ಹೆಸರು. ನರದ ನೋವಾದ್ರೆ ಅಲ್ಲೇ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ನೋಡ್ತಾರೆ. ಇದು ಗೊತ್ತಿಲ್ಲದೇ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸ್ಕೊಂಡು ಸುಸ್ತಾಗೋದು ಬೇಡ.

*ಎದೆಯುರಿ, ಬಾಯಿ ಕಹಿ.* ಕಹಿಯಾದ ಹಳದಿ ನೀರು ಮೇಲೆ ಬರೋದು, ಖಾಲಿ ಹೊಟ್ಟೇಲಿ ಕೊರೆಯೋ ಹಾಗೆ ಉರಿ, ಆಸಿಡ್ ಮಾತ್ರೆಗೆ ಅರ್ಧಂಬರ್ಧ ಗುಣ, ಇದು ಪಿತ್ತ ಹೊಟ್ಟೆಗೆ ಹಿಮ್ಮುಖ ಬರ್ತಿರೋ ಸೂಚನೆ ಇರಬಹುದು. ಎಂಡೋಸ್ಕೋಪಿ ಮಾಡಿದ್ರೆ ಗೊತ್ತಾಗುತ್ತೆ, ಸುಕ್ರಾಲ್ಫೇಟ್ ಅಥವಾ ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಕೊಟ್ಟು ನೋಡೋದುಂಟು. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಇದ್ಯಾ ಅಂತನೂ ನೋಡಿಸ್ಕೊಳ್ಳಿ. ರಾತ್ರಿ ಊಟ ಮಲಗೋಕೆ ಮೂರು ಗಂಟೆ ಮುಂಚೆ, ಮಂಚದ ತಲೆಭಾಗ ಎತ್ತರ, ದಿಂಬು ಜಾಸ್ತಿ ಇಟ್ಕೊಂಡ್ರೆ ಕತ್ತು ಬಾಗುತ್ತೆ ಅಷ್ಟೆ, ಮಂಚದ ಕಾಲಿಗೇ ಏನಾದ್ರೂ ಕೊಡಿ.

*ಬರೀ ಉಬ್ಬರ, ಗ್ಯಾಸ್.* ಇದರಲ್ಲಿ ಗಾಲ್‌ಬ್ಲಾಡರ್‌ಗಿಂತ ಹಾಲಿನ ಲ್ಯಾಕ್ಟೋಸ್, ಮಲಬದ್ಧತೆ, ಐಬಿಎಸ್ ಪಾತ್ರವೇ ಹೆಚ್ಚು. ಎರಡು ವಾರ ಹಾಲು ಬಿಟ್ಟು ನೋಡಿ, ಬದಲಾವಣೆ ಇಲ್ಲಾಂದ್ರೆ ಮತ್ತೆ ಶುರು ಮಾಡಿ, ಸುಮ್ನೆ ಬಿಟ್ಟೇ ಇರ್ಬೇಡಿ.

ಹೆಜ್ಜೆ 5: ಊಟ

ಜಿಡ್ಡು ಪೂರಾ ಬಿಡ್ಬೇಡಿ. ಇದನ್ನ ಬಹಳ ಜನ ತಪ್ಪು ತಿಳ್ಕೊಂಡು ವರ್ಷಗಟ್ಟಲೆ ಬೇಯಿಸಿದ ಸಪ್ಪೆ ಊಟ ತಿಂದು ಸೊರಗಿಹೋಗ್ತಾರೆ. ಎ, ಡಿ, ಇ, ಕೆ ವಿಟಮಿನ್ ದೇಹಕ್ಕೆ ಸೇರೋಕೆ ಕೊಬ್ಬು ಬೇಕೇ ಬೇಕು. ಮಾಡ್ಬೇಕಾದ್ದು ಹಂಚೋದು. ಒಂದು ಟೀ ಚಮಚ ಎಣ್ಣೆಲಿ ಸುಮಾರು ನಾಲ್ಕೂವರೆ ಗ್ರಾಂ ಕೊಬ್ಬಿರುತ್ತೆ, ದಿನದ ಎಣ್ಣೆಯನ್ನ ಒಂದೇ ಊಟಕ್ಕೆ ಸುರಿಯೋ ಬದಲು ನಾಲ್ಕೈದು ಸಣ್ಣ ಊಟಕ್ಕೆ ಚಮಚದ ಲೆಕ್ಕದಲ್ಲಿ ಹಂಚಿ. ಕರಿದದ್ದು, ಕೆನೆ, ಚೀಸ್, ಕೊಬ್ಬಿನ ಮಾಂಸ ಇವನ್ನ ಮೊದಲು ದೂರ ಇಟ್ಟು, ಹೊಟ್ಟೆ ಶಾಂತ ಆದ್ಮೇಲೆ ವಾರಕ್ಕೊಂದನ್ನ ಸ್ವಲ್ಪ ಸ್ವಲ್ಪವೇ ವಾಪಸ್ ತನ್ನಿ, ಒಂದು ಸಲಕ್ಕೆ ಒಂದೇ, ಆಗಲೇ ಯಾವುದು ಆಗಲ್ಲ ಅಂತ ಗೊತ್ತಾಗೋದು.

ನಾರಿನಂಶದಲ್ಲೂ ಎರಡು ಥರ. ಓಟ್ಸ್, ಬಾಳೆಹಣ್ಣು, ಸಿಪ್ಪೆ ತೆಗೆದ ಸೇಬು, ಬೇಯಿಸಿದ ಕ್ಯಾರೆಟ್, ಇಸಬ್‌ಗೋಲ್ ಇವುಗಳ ನಾರು ನೀರಲ್ಲಿ ಲೋಳೆಯಾಗಿ ಮಲವನ್ನ ಗಟ್ಟಿ ಮಾಡುತ್ತೆ, ಭೇದಿ ಇರೋರಿಗೆ ಇದು. ಹಸಿ ಸೊಪ್ಪು, ಗೋಧಿ ಹೊಟ್ಟಿನ ನಾರು ಭೇದಿ ಇರುವಾಗ ಇನ್ನೂ ಕೆರಳಿಸಬಹುದು. ಇಸಬ್‌ಗೋಲ್ ಒಂದು ಚಮಚದಿಂದ ಶುರು ಮಾಡಿ, ತುಂಬಿದ ಲೋಟ ನೀರಿನ ಜೊತೆ, ಕೋಲೆಸ್ಟೈರಮಿನ್ ಬಿಟ್ಟು ಬೇರೆ ಹೊತ್ತಿಗೆ. ಖಾಲಿ ಹೊಟ್ಟೆಗೆ ಕಾಫಿ ಬಿಟ್ಟು ನೋಡಿ, ಬರೀ ಇದರಿಂದಲೇ ಬೆಳಗಿನ ಓಟ ಕಡಿಮೆ ಆಗೋರಿದ್ದಾರೆ. ಮದ್ಯ, ತುಂಬಾ ಖಾರ ಕೆಲವರಿಗೆ ಆಗಲ್ಲ, ನೀವು ಬರೆದಿಟ್ಟದ್ದನ್ನ ನೋಡಿ ನೀವೇ ತೀರ್ಮಾನಿಸಿ. ಉಪವಾಸ ಇದ್ದು ರಾತ್ರಿ ಒಟ್ಟಿಗೆ ತಿನ್ನೋದು ಮಾತ್ರ ಯಾರಿಗೂ ಒಳ್ಳೇದು ಮಾಡಲ್ಲ.

ಲಿವರ್ ಕ್ಲೆನ್ಸ್, ಡಿಟಾಕ್ಸ್ ಪಾನೀಯ ಅಂತ ಮಾರೋದನ್ನ ಮುಟ್ಟಬೇಡಿ. ಕ್ಲೆನ್ಸ್ ಹೆಸರಲ್ಲಿ ಲೋಟಗಟ್ಟಲೆ ಎಣ್ಣೆ ಕುಡಿಸ್ತಾರೆ, ನಿಮ್ಮ ಹೊಟ್ಟೆಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಹೆಜ್ಜೆ 6: ಡಾಕ್ಟರ್ ಹತ್ರ ಹೋಗೋದು

ಆಪರೇಷನ್ ಮಾಡಿದ ಸರ್ಜನ್ ಹತ್ರ ಮೊದಲು ಹೋಗಿ, ಅವರಿಗೆ ನಿಮ್ಮ ಒಳಗೆ ಏನಾಗಿದೆ ಗೊತ್ತು. ಅಲ್ಲಿ ಉತ್ತರ ಸಿಗ್ಲಿಲ್ಲ ಅಂದ್ರೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಹತ್ರ. ಆಪರೇಷನ್ ನೋಟ್ಸ್, ಡಿಸ್ಚಾರ್ಜ್ ಸಮ್ಮರಿ, ತೆಗೆದ ಪಿತ್ತಕೋಶದ ಬಯಾಪ್ಸಿ ರಿಪೋರ್ಟ್, ಹಳೇ ಸ್ಕ್ಯಾನ್, ಎರಡು ವಾರದ ಡೈರಿ ಎಲ್ಲಾ ಒಂದೇ ಫೈಲಲ್ಲಿ. ಭೇದಿ ಇದ್ರೆ ಥೈರಾಯ್ಡ್, ಸೀಲಿಯಾಕ್ (ಗೋಧಿಯ ಗ್ಲುಟೆನ್ ಆಗದೇ ಇರೋ ಕಾಯಿಲೆ), ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತ ನೋಡೋದು) ಟೆಸ್ಟ್ ಬೇಕಾ ಅಂತ ಕೇಳಿ, ಯಾಕಂದ್ರೆ ಗಾಲ್‌ಬ್ಲಾಡರ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಬೇರೆ ಕಾಯಿಲೆ ಬರಬಾರದು ಅಂತೇನಿಲ್ಲ.

ಮಾತು ಶುರು ಮಾಡೋಕೆ ಮುಜುಗರ ಆದ್ರೆ ಈ ಸಾಲನ್ನ ಹಾಗೇ ಹೇಳಿ: "ಆಪರೇಷನ್ ಆಗಿ ಇಷ್ಟು ತಿಂಗಳಾಯ್ತು, ದಿನಕ್ಕೆ ಇಷ್ಟು ಸಲ ಟೈಪ್ 6 ಅಥವಾ 7 ಆಗ್ತಿದೆ, ಊಟ ಆದ ಅರ್ಧ ಗಂಟೆಲಿ, ತಡ್ಕೊಳ್ಳೋಕಾಗಲ್ಲ, ಇದು ಬೈಲ್ ಆಸಿಡ್ ಡಯೇರಿಯಾ ಇರಬಹುದಾ?" ಆಗಿರೋದನ್ನ ಕಡಿಮೆ ಮಾಡಿ ಹೇಳ್ಬೇಡಿ, ಬಟ್ಟೆಲಿ ಆಗಿದ್ರೆ ಆಗಿದೆ ಅಂತಲೇ ಹೇಳಿ, ಅವರು ಇದನ್ನ ದಿನಾ ಕೇಳೋರು.

ಔಷಧಿ ಶುರುವಾದ್ಮೇಲೂ ಡೈರಿ ಒಂದೆರಡು ವಾರ ಮುಂದುವರಿಸಿ, ಡೋಸ್ ಹೊಂದಿಸೋಕೆ ಅದೇ ಆಧಾರ. ಕೋಲೆಸ್ಟೈರಮಿನ್ ದೀರ್ಘಕಾಲ ತಗೊಳ್ಳೋರು ವಿಟಮಿನ್ ಡಿ ಮಟ್ಟ, ರಕ್ತ ಹೆಪ್ಪುಗಟ್ಟೋ ಟೆಸ್ಟ್, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಒಂದು ಥರದ ಕೊಬ್ಬು) ಇವನ್ನ ಯಾವಾಗ ನೋಡಿಸ್ಬೇಕು ಅಂತ ಅದೇ ಭೇಟಿಲಿ ಕೇಳಿ ತಾರೀಖು ಬರೆಸ್ಕೊಳ್ಳಿ, ಈ ಔಷಧಿ ಎ, ಡಿ, ಇ, ಕೆ ವಿಟಮಿನ್‌ಗಳು ದೇಹಕ್ಕೆ ಸೇರೋದನ್ನ ಕಡಿಮೆ ಮಾಡುತ್ತೆ, ಟ್ರೈಗ್ಲಿಸರೈಡ್ ಏರಿಸಬಹುದು. ಕೆಲವರಿಗೆ ಒಂದಷ್ಟು ತಿಂಗಳಲ್ಲಿ ಬಿಡೋಕಾಗುತ್ತೆ, ಕೆಲವರಿಗೆ ವಾರದಲ್ಲಿ ಎರಡ್ಮೂರು ಪೊಟ್ಟಣ ಸಾಕಾಗುತ್ತೆ, ಕೆಲವರಿಗೆ ದಿನಾ ಬೇಕು.